ಒರಲೆ ಔಷಧಿ ಹೊಡೆಸುವ ಮೊದಲು ಕ್ಯಾನ್ ನೋಡಿ

ಸಿರಸಿ, ಸಿದ್ದಾಪುರ ಕಡೆಯವರು ದಯವಿಟ್ಟು ಓದಿ. ಒರಲೆ (ಗೆದ್ದಲು) ಔಷಧಿ ಹೊಡೆಯುವವರು ಮನೆ ಮನೆಗೆ ಬರುತ್ತಿದ್ದಾರೆ. "ಹರ್ಬಲ್, ವಾಸನೆ ಇಲ್ಲ, ಮಕ್ಕಳಿದ್ದರೂ ತೊಂದರೆ ಇಲ್ಲ" ಅಂದರೆ ನಂಬಬೇಡಿ. ಅಂಥವನೊಬ್ಬ ನಮ್ಮನ್ನು ಬೆಪ್ಪು ಮಾಡಿ ಹೋದ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತಿದ್ದೇನೆ.

ನಮ್ಮದು ಹಳೇ ಮನೆ. ದಾರಂದಕ್ಕೆ ಒರಲೆ ಮಣ್ಣು ಹತ್ತಿತ್ತು. ಮಾಮೂಲಿಗಿಂತ ಜಾಸ್ತಿ ರೇಟು ಹೇಳಿ, ಅರ್ಧ ಮುಂಗಡ ಇಸಕೊಂಡ. ಸರಿಯಾಗಿ ಮಾಡುವವರು ಗೋಡೆಯ ಬುಡಕ್ಕೆ ತೂತು ಕೊರೆದು ಔಷಧಿ ಬಿಟ್ಟು ಸಿಮೆಂಟು ಮೆತ್ತುತ್ತಾರೆ ಅಲ್ವಾ? ಇವನು ಡ್ರಿಲ್ ತೆಗೆಯಲೇ ಇಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಗೋಡೆ, ಮಂಚದ ಅಡಿ, ಅಡುಗೆಮನೆ ಕಟ್ಟೆಯ ಕೆಳಗೆ ಎಲ್ಲ ಕಡೆ ಹೊಡೆದ. ಕಿಟಕಿ ಬೇರೆ ಮುಚ್ಚಿಸಿದ. "ಔಷಧಿ ಹಿಡೀಬೇಕು ಅಕ್ಕಾ."

ಹಾಲಿನಂಥ ಬಿಳಿ ನೀರು, ಸೀಮೆಎಣ್ಣೆ ಥರದ ವಾಸನೆ. ವಾಸನೆ ಇಲ್ಲ ಅಂದವನು!

ಸಂಜೆಗೆ ಆಯಿಗೆ (ಅಮ್ಮನಿಗೆ) ತಲೆಸುತ್ತು, ವಾಂತಿ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಫೋನ್ ಮಾಡಿದರೆ, "ಪಿತ್ತ ಆಗಿರಬೇಕು ಅಕ್ಕಾ, ಮಜ್ಜಿಗೆ ಕುಡಿಸಿ."

ಡಾಕ್ಟರು ಮೊದಲು ಕೇಳಿದ್ದೇ ಔಷಧಿಯ ಹೆಸರು. ಮತ್ತೆ ಫೋನ್. "ಅದು ಕಂಪನಿ ಸೀಕ್ರೆಟ್." ಆಸ್ಪತ್ರೆಯಲ್ಲಿ ಆಯಿ ಮಲಗಿದ್ದಾಳೆ, ಇವನಿಗೆ ಸೀಕ್ರೆಟ್!

ತಮ್ಮ ಹುಡುಕಿದಾಗ ಕೊಟ್ಟಿಗೆ ಹಿಂದೆ ಖಾಲಿ ಕ್ಯಾನ್ ಸಿಕ್ಕಿತು. ಲೇಬಲ್ ಕೆರೆದಿದ್ದ, ಪೂರ್ತಿ ಹೋಗಿರಲಿಲ್ಲ. ಕ್ಲೋರ್‌ಪೈರಿಫಾಸ್ 20% ಇಸಿ, ಅಂದರೆ ನೀರಿಗೆ ಬೆರೆಸಿ ಹೊಡೆಯುವ ದ್ರಾವಣ. ಹಳದಿ ತ್ರಿಕೋನ, ಅದರ ಮೇಲೆ ಕೆಂಪಕ್ಷರದಲ್ಲಿ ಪಾಯ್ಸನ್. ತೋಟದ ಔಷಧಿ ಅಂಗಡಿಯಲ್ಲಿ ಸಿಗುವ ಅದೇ ಮಾಲು. ನರಗಳ ಮೇಲೆ ಕೆಲಸ ಮಾಡುವ ವಿಷ, ಜಾಸ್ತಿಯಾದರೆ ಉಸಿರಾಟಕ್ಕೇ ತೊಂದರೆ ಅಂದರು ಡಾಕ್ಟರು. ಅಮೆರಿಕದಲ್ಲಿ ಮನೆಯೊಳಗೆ ಇದನ್ನು ಹೊಡೆಯುವುದನ್ನು 2001ರಲ್ಲೇ ನಿಲ್ಲಿಸಿದ್ದಾರೆ. ನಮ್ಮಲ್ಲಿ ಹರ್ಬಲ್ ಅಂತ ಮಂಚದ ಅಡಿಗೆ!

ಕ್ಯಾನಿನ ಫೋಟೋ ಕಳಿಸಿದೆ. "ಅದು ಬೇರೆಯವರ ಮನೆಗೆ ತಂದಿದ್ದು." ಹಾಗಾದರೆ ನಮ್ಮ ಕೊಟ್ಟಿಗೆ ಹಿಂದೆ ಖಾಲಿ ಆಗಿ ಬಿದ್ದದ್ದು ಹೇಗೋ ತಮಾ? ಅದಕ್ಕೆ, "ಎಲ್ಲರೂ ಅದನ್ನೇ ಹೊಡೀತಾರೆ, ಯಾರಿಗೂ ಏನೂ ಆಗ್ಲಿಲ್ಲ, ನಿಮಗೊಬ್ಬರಿಗೇ." ಒಂದೇ ಉಸಿರಲ್ಲಿ ಎರಡು ಮಾತು.

ಆಯಿ ಈಗ ಆರಾಮ. ಅಡುಗೆಮನೆಯ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ.

ಯಾರೇ ಬರಲಿ, ಲೈಸೆನ್ಸ್ ಕೇಳಿ. ಸೀಲು ನಿಮ್ಮೆದುರೇ ಒಡೆಯಲಿ. ಔಷಧಿಯ ಹೆಸರು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬರೆಯದಿದ್ದರೆ ಗೇಟಿನಿಂದಲೇ ಕಳಿಸಿ. ಯಾರಿಗಾದರೂ ಹೀಗಾದರೆ ತಕ್ಷಣ ಹೊರಗೆ ಗಾಳಿಗೆ ಕರೆತನ್ನಿ, ಬಟ್ಟೆ ಬದಲಿಸಿ, ಮೈ ಸೋಪಿನಲ್ಲಿ ತೊಳೆಸಿ, ಕ್ಯಾನ್ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ. ಮಜ್ಜಿಗೆ ಕುಡಿಸುತ್ತ ಕೂರಬೇಡಿ.

ನಿನ್ನೆ ಅವನದೇ ಮೆಸೇಜು ಬಂತು: "ಅಕ್ಕಾ, ಬಾಕಿ ದುಡ್ಡು ಯಾವಾಗ ಹಾಕ್ತೀರಿ?"