ಕಾಲಿನ ಡಾಪ್ಲರ್ ಸ್ಕ್ಯಾನ್: ಒಳಗೆ ಐದು ಸ್ಟಾರ್, ಕೌಂಟರಿಗೆ ಒಂದೇ

ಅಮ್ಮನ ಎಡ ಮಂಡಿ ಬದಲಿಸಿದ 12ನೇ ದಿನ. ಮಂಡಿ ಸುತ್ತ ಊತ ಮೊದಲಿಂದ ಇತ್ತು, ಆದರೆ ಅವತ್ತು ಮೀನಖಂಡವೂ ಬಿಗಿದುಕೊಂಡು ಮುಟ್ಟಿದರೆ ಬಿಸಿ. ದೊಡ್ಡಮ್ಮ ಆಗಲೇ ಹರಳೆಣ್ಣೆ ಕಾಯಿಸೋಕೆ ಇಟ್ಟಿದ್ದರು. ಪುಣ್ಯಕ್ಕೆ ಫಿಸಿಯೋ ಹುಡುಗಿ ಬಂದಳು. "ಉಜ್ಜಬೇಡಿ ಆಂಟಿ, ಮೊದಲು ಡಾಪ್ಲರ್ ಮಾಡಿಸಿ" ಅಂದಳು. ಡಾಪ್ಲರ್ ಅಂದರೆ ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಅಲ್ಟ್ರಾಸೌಂಡ್ ಸ್ಕ್ಯಾನ್. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದರ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಬಹುದಲ್ವಾ, ಅದೇ ಭಯ. ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿದರೆ ಅವರದ್ದೂ ಅದೇ ಮಾತು. ರಕ್ತ ಹೆಪ್ಪುಗಟ್ಟಿದೆಯಾ ಅಂತ ಸುಳಿವು ಕೊಡುವ ಡಿ-ಡೈಮರ್ ರಕ್ತ ಪರೀಕ್ಷೆ ಸಾಕಾ ಅಂತ ಕೇಳಿದೆ, ಆಪರೇಷನ್ ಆದಮೇಲೆ ಅದು ಹೇಗೂ ಜಾಸ್ತಿನೇ ಬರುತ್ತೆ, ಸುಮ್ನೆ ದುಡ್ಡು ದಂಡ ಅಂದರು.

ಮನೆ ಹತ್ತಿರದ ಸ್ಕ್ಯಾನ್ ಸೆಂಟರಿಗೆ ಓಡಿದೆವು. ಅರ್ಜೆಂಟ್ ಅಂತ ಬರೆದ ಚೀಟಿ ತೋರಿಸಿದರೂ ಕೌಂಟರಿನವರು ತಲೆ ಎತ್ತದೆ ಟೋಕನ್ 23 ಕೊಟ್ಟರು. ಒಂದೂವರೆ ಗಂಟೆ ಕಾದೆವು. ಕಾಲು ಚಾಚೋಕೆ ಒಂದು ಸ್ಟೂಲೂ ಇಲ್ಲ, ಕೊನೆಗೆ ನನ್ನ ತೊಡೆ ಮೇಲೇ ಇಟ್ಟುಕೊಂಡೆ.

ಒಳಗೆ ಹೋದ ಮೇಲೆ ಬೇರೆಯದೇ ಲೋಕ. ಡಾಕ್ಟರಮ್ಮ ತಣ್ಣನೆ ಜೆಲ್ ಹಚ್ಚಿ, ತೊಡೆಸಂದಿನಿಂದ ಕೆಳಗಿನವರೆಗೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬಂದರು, ಪರದೆ ನಮ್ಮ ಕಡೆಗೂ ತಿರುಗಿಸಿದರು. ಒತ್ತಿದಾಗ ರಕ್ತನಾಳ ಖಾಲಿ ಹಾಲಿನ ಪ್ಯಾಕೆಟ್ ಥರ ಚಪ್ಪಟೆ ಆಗಬೇಕಂತೆ. ಮಂಡಿ ಹಿಂದೆ ಬಂದಾಗ ಮಾತ್ರ ಅದು ಗುಂಡಗೆ ಹಾಗೇ ನಿಂತಿತ್ತು, ಅಂದರೆ ಅಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸೂಜಿ ಇಲ್ಲ, 20 ನಿಮಿಷ. ರಿಪೋರ್ಟ್ ಟೈಪ್ ಆಗುವ ಮೊದಲೇ ನಮ್ಮ ಡಾಕ್ಟರಿಗೆ ತಾವೇ ಫೋನ್ ಮಾಡಿದರು, ಇದಕ್ಕೇ ಐದು ಸ್ಟಾರ್.

ಅವತ್ತೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಶುರು: ರಿವರಾಕ್ಸಬಾನ್ 15 ಎಂಜಿ, ದಿನಕ್ಕೆ ಎರಡು, 21 ದಿನ. ಆಮೇಲೆ 20 ಎಂಜಿ ದಿನಕ್ಕೆ ಒಂದೇ, ಒಟ್ಟು 3 ತಿಂಗಳು. ಊಟದ ಜೊತೆಗೇ ತಗೋಬೇಕು ಅಂತ ನೆನಪಿಸಿದ್ದು ಮೆಡಿಕಲ್ ಶಾಪಿನ ಹುಡುಗ. ಇದು ಅಮ್ಮನ ಲೆಕ್ಕ, ನಿಮಗೆ ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಪಕ್ಕದ ಮನೆ ಅಂಕಲ್ ಇದೇ ಥರದ ಇನ್ನೊಂದು ಮಾತ್ರೆ ವಾರ್ಫರಿನ್ ಮೇಲಿದ್ದಾರೆ, ಐಎನ್‌ಆರ್ ಅಂತ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಎಂದು ನೋಡುವ ಪರೀಕ್ಷೆಗೆ ಪದೇ ಪದೇ ರಕ್ತ ಕೊಡಬೇಕು, ಸೊಪ್ಪು ತಿನ್ನೋದಕ್ಕೂ ಲೆಕ್ಕ. ಅಮ್ಮನಿಗೆ ಆ ಕಾಟ ಇಲ್ಲ, ಬಸಳೆ ಸಾರು ನಡೀತಿದೆ. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ನುಂಗೋದು ಮಾತ್ರ ಬಂದ್, ರಕ್ತಸ್ರಾವ ಆಗಬಹುದು ಅಂತ.

ಹೋಗೋದಾದರೆ ಬೆಳಗ್ಗೆ ಬೇಗ ಹೋಗಿ, ಸ್ಟೂಲ್ ಮನೆಯಿಂದಲೇ ಒಯ್ಯಿರಿ. ಉಸಿರು ಕಟ್ಟುತ್ತಿದ್ದರೆ, ಎದೆ ಚುಚ್ಚುತ್ತಿದ್ದರೆ ಈ ಟೋಕನ್ ಸಹವಾಸವೇ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.