ಬಿಯರ್ ಬಾಟಲಿಯ ಲೇಬಲ್ ಬಿಡಿಸಲು ಆಕ್ಸಿಜನ್ ಬ್ಲೀಚ್ ಪುಡಿ: 4 ವರ್ಷ, 3 ಡಬ್ಬಿ

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಚಳಿಗಾಲ ಬಂತೆಂದರೆ ಬೇಸ್‌ಮೆಂಟಿನಲ್ಲಿ ಬಿಯರ್ ಮಾಡುವ ಚಟ. (ಇಲ್ಲಿ ಮನೆಬಳಕೆಗೆ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ಊರಲ್ಲಿರುವವರು ಇದನ್ನು ಓದಿ ಶುರು ಹಚ್ಚಿಕೊಳ್ಳಬೇಡಿ, ಅಬಕಾರಿಯವರು ಬಂದಾರು.) ಒಂದು ಸಲಕ್ಕೆ 5 ಗ್ಯಾಲನ್, ಅಂದರೆ 19 ಲೀಟರಿನಷ್ಟು. ಅದನ್ನು ತುಂಬಿಡಲು 355 ಮಿಲಿಯ 50ಕ್ಕೂ ಹೆಚ್ಚು ಬಾಟಲಿ ಬೇಕು. ನಾನು ಖಾಲಿಯಾದ ಬಾಟಲಿಗಳನ್ನೇ ಎತ್ತಿಡುತ್ತೇನೆ. ವಾಪಸ್ ಕೊಟ್ಟರೆ ಒಂದಕ್ಕೆ 10 ಸೆಂಟ್ ಬರುತ್ತಿತ್ತು, ಹೋದದ್ದು ಅಷ್ಟೇ. ತಲೆನೋವು ಲೇಬಲ್‌ದು.

ಮೊದಲು ಚಾಕುವಿನಿಂದ ಕೆರೆದೆ, ಉಗುರು ಹಾಳಾಯಿತು. ಆಮೇಲೆ ಸಿಕ್ಕಿದ್ದು ಬಟ್ಟೆಯ ಕಲೆಗೆ ಹಾಕುವ ಈ ಬಿಳಿ ಪುಡಿ. ವಾಸನೆ ಇಲ್ಲದ್ದನ್ನೇ ತನ್ನಿ. ಒಮ್ಮೆ ಅವಸರದಲ್ಲಿ ಸುವಾಸನೆಯದ್ದು ತಂದು, ಎಷ್ಟು ತೊಳೆದರೂ ಬಾಟಲಿಯಲ್ಲಿ ಲಾಂಡ್ರಿಯ ಘಮ.

ರಾತ್ರಿ ದೊಡ್ಡ ಸಿಂಕಿಗೆ ನಲ್ಲಿಯ ಬಿಸಿನೀರು ಬಿಟ್ಟು, ಗ್ಯಾಲನ್‌ಗೆ ಒಂದು ದೊಡ್ಡ ಚಮಚದಂತೆ ಪುಡಿ ಕದಡುತ್ತೇನೆ. ಬಾಟಲಿಯ ಒಳಗೂ ಅದೇ ನೀರು ತುಂಬಬೇಕು, ಇಲ್ಲದಿದ್ದರೆ ತೇಲುತ್ತದೆ. ಸಣ್ಣಗೆ ಗುಳ್ಳೆ ಏಳುತ್ತವೆ. ಬೆಳಗ್ಗೆ ನೋಡಿದರೆ ಕಾಗದದ ಲೇಬಲ್‌ಗಳು ನೆನೆದ ಹಪ್ಪಳದ ಹಾಗೆ ಮುದುಡಿಕೊಂಡು ನೀರಿನ ಮೇಲೆ ಇರುತ್ತವೆ. ಬಾಟಲಿಯ ಮೇಲೆ ಉಳಿದ ಅಂಟಿನ ಲೋಳೆ ಸ್ಪಾಂಜಿನಲ್ಲಿ ಒಂದು ಸುತ್ತು ಒರೆಸಿದರೆ ಹೋಯಿತು.

ಪುಡಿ ನೀರಿಗೆ ಬಿದ್ದೊಡನೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗುತ್ತದೆ. ಅಂಟು ಕರಗಿಸುವುದು ಸೋಡಾ. ನಮ್ಮಜ್ಜಿ ಒಲೆಯ ಬೂದಿ ಹಾಕಿ ಜಿಡ್ಡಿನ ಪಾತ್ರೆ ತಿಕ್ಕುತ್ತಿದ್ದಳಲ್ವಾ, ಅದೂ ಇದೇ ಕ್ಷಾರದ ಕೆಲಸ. ಹಾಗಾದರೆ ಬರೀ ವಾಷಿಂಗ್ ಸೋಡಾ ಸಾಲದೇ? ಲೇಬಲ್‌ಗೆ ಸಾಕು, ಅದೇ ಅಗ್ಗ. ಆದರೆ ತಳದಲ್ಲಿ ಒಣಗಿ ಹಿಡಿದ ಯೀಸ್ಟಿನ ಗಷ್ಟನ್ನು ಎಬ್ಬಿಸಲು ಪೆರಾಕ್ಸೈಡೇ ಬೇಕು. ಅದಕ್ಕೇ ನಾನು ಈ ಪುಡಿ ಬಿಟ್ಟಿಲ್ಲ. ಇದು ಬರೀ ತೊಳೆಯಲು, ನೆನಪಿರಲಿ. ಬಿಯರ್ ತುಂಬುವ ಮೊದಲು ಬಾಟಲಿಯ ಸೂಕ್ಷ್ಮಾಣು ಕೊಲ್ಲುವ ಸ್ಯಾನಿಟೈಸರ್ (ಕೈಗೆ ಹಚ್ಚುವುದಲ್ಲ) ಬೇರೆ ಹಾಕಲೇಬೇಕು.

ಸೋಲುವುದು ಪ್ಲಾಸ್ಟಿಕ್ ಲೇಬಲ್ ಮುಂದೆ. ನೀರು ಒಳಗೆ ಇಳಿಯುವುದೇ ಇಲ್ಲ. ಅದಕ್ಕೆ ಹೇರ್ ಡ್ರೈಯರ್ ಹಿಡಿದು, ಬಿಸಿ ಇರುವಾಗಲೇ ಮೂಲೆಯಿಂದ ನಿಧಾನ ಎಳೆಯಬೇಕು. ಉಳಿದ ಅಂಟಿಗೆ ತೆಂಗಿನೆಣ್ಣೆ ಸವರಿ ಹತ್ತು ನಿಮಿಷ ಬಿಟ್ಟು, ಪೇಪರಿನಲ್ಲಿ ಒರೆಸಿ, ಪಾತ್ರೆ ಸೋಪು ಹಾಕಿ. ಬಾಟಲಿ ಬಾಯಿ ಮುಚ್ಚಿರಲಿ. ಒಮ್ಮೆ ಎಣ್ಣೆ ಕೈಯಲ್ಲೇ ಬಾಯಿ ಹಿಡಿದಿದ್ದೆ, ಆ ನಾಲ್ಕು ಬಾಟಲಿಯ ಬಿಯರಿಗೆ ನೊರೆಯೇ ನಿಲ್ಲಲಿಲ್ಲ. ಇನ್ನು ಗಾಜಿನ ಮೇಲೇ ಬಣ್ಣದಲ್ಲಿ ಅಚ್ಚು ಹಾಕಿದ್ದರೆ ಸುಮ್ನೆ ವಾಪಸ್ ಕೊಟ್ಟು 10 ಸೆಂಟ್ ತಗೊಳ್ಳಿ.

ತಕರಾರೂ ಇವೆ. ನಮ್ಮದು ಗಡಸು ನೀರು. ಎರಡು ದಿನ ನೆನೆಯಲು ಬಿಟ್ಟರೆ ಬಾಟಲಿಗೆ ಸುಣ್ಣ ಬಳಿದಂತಾಗುತ್ತದೆ. ಆ ನೀರು ಪೂರ್ತಿ ಚೆಲ್ಲಿ, ತೊಳೆದು, ಆಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿದರೆ ಬಿಡುತ್ತದೆ. ಗ್ಲೌಸ್ ಇಲ್ಲದಿದ್ದರೆ ಕೈ ಒಣಗಿ ಬಿರಿಯುತ್ತದೆ. ಕದಡಿದ ನೀರನ್ನು ಮುಚ್ಚಳ ಬಿಗಿದು ಇಡಲೇಬೇಡಿ, ಗ್ಯಾಸ್ ತುಂಬಿ ಸಿಡಿಯಬಹುದು. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ನಾನು ಮನೆಯವಳ ಅನ್ನದ ಪಾತ್ರೆಯಲ್ಲಿ ಕದಡಿ, ಅದು ಕಪ್ಪಾಗಿ, ಆ ವಾರವಿಡೀ ಮಾತು ಕೇಳಿದ್ದೇನೆ.

5ಕ್ಕೆ 4 ಸ್ಟಾರ್ ಕೊಡುತ್ತೇನೆ. ಕಳೆದ ಆ ಒಂದು ಸ್ಟಾರ್‌ನಲ್ಲಿ ಪುಡಿಯ ತಪ್ಪು ಜಾಸ್ತಿ ಇಲ್ಲ. ಎಲ್ಲ ನಿಂತಿರುವುದು ಯಾವ ಅಂಟು ಎನ್ನುವುದರ ಮೇಲೆ. ಈಗ ಅಂಗಡಿಯಲ್ಲಿ ಬಿಯರ್ ಎತ್ತಿಕೊಂಡರೆ ಮೊದಲು ಲೇಬಲ್ ಅಂಚನ್ನು ಉಗುರಿನಲ್ಲಿ ಮುಟ್ಟಿ ನೋಡುತ್ತೇನೆ. “ಏನ್ರೀ, ಸೀರೆ ಜರಿ ನೋಡಿದ ಹಾಗೆ ನೋಡ್ತೀರಲ್ಲ” ಅನ್ನುತ್ತಾಳೆ ಇವಳು. ಮೂರು ಸಲ ನೆನೆಸಿದರೂ ಲೇಬಲ್ ಬಿಡದ ಒಂದು ಬಾಟಲಿ ಅಡುಗೆಮನೆ ಕಿಟಕಿಯಲ್ಲಿದೆ. ಅದರಲ್ಲಿ ಅವಳು ಮನಿಪ್ಲಾಂಟ್ ಇಟ್ಟಿದ್ದಾಳೆ.