ಮೂರು ಬೇಸಿಗೆ ಕಂಡ ನನ್ನ ಆಲ್ ಇನ್ ಒನ್

ನಮ್ಮದು ಹೊಸಪೇಟೆಯಲ್ಲಿ ಒಂದು ಚಿಕ್ಕ ಫೋಟೋ ಸ್ಟುಡಿಯೋ. ಮದುವೆ ಆಲ್ಬಂ, ವಿಡಿಯೋ ಎಡಿಟಿಂಗ್, ಮಧ್ಯೆ ಮಧ್ಯೆ ಪಾಸ್‌ಪೋರ್ಟ್ ಫೋಟೋ. 2022ರ ಮಳೆಗಾಲದಲ್ಲಿ ಈ ಆಲ್ ಇನ್ ಒನ್ ತಗೊಂಡೆ, ಅಂದರೆ ಪರದೆಯ ಹಿಂದೆಯೇ ಇಡೀ ಕಂಪ್ಯೂಟರ್ ಕೂತಿರೋ ಮಷೀನು. 24 ಇಂಚಿನ ಪರದೆ, ಐ5-1235ಯು ಪ್ರೊಸೆಸರ್, 16 ಜಿಬಿ ರ್‍ಯಾಮ್. ಕಂಪನಿ ಹೆಸರು ಬೇಡ ಬಿಡಿ. ತಗೊಂಡ ಕಾರಣ ಒಂದೇ, ಟೇಬಲ್ ಮೇಲೆ ಜಾಗ ಇರಲಿಲ್ಲ.

ಮೊದಲ ಏಳೆಂಟು ತಿಂಗಳು ಒಂದು ದೂರೂ ಇಲ್ಲ. ಆಮೇಲೆ ವೈಶಾಖ ಬಂತು. ನಮ್ಮ ಕಸುಬಿನ ಕಷ್ಟವೇ ಇದು. ಬಿಸಿಲು 40ರ ಹತ್ತಿರ ಹೋಗೋ ಹೊತ್ತಿಗೇ ಮುಹೂರ್ತಗಳೂ ಸಾಲುಗಟ್ಟಿ ನಿಲ್ಲುತ್ತವೆ.

ಒಂದು ಮಧ್ಯಾಹ್ನ ಮೂರು ತಾಸಿನ ಮದುವೆ ವಿಡಿಯೋ ಎಕ್ಸ್‌ಪೋರ್ಟ್‌ಗೆ (ಎಡಿಟ್ ಮಾಡಿದ್ದನ್ನು ಒಂದೇ ಫೈಲ್ ಆಗಿ ತೆಗೆಯೋದು) ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಕಾಲು ಭಾಗವೂ ಮುಗಿದಿಲ್ಲ. ಫ್ಯಾನು ಮಾತ್ರ ಹಿಟ್ಟಿನ ಗಿರಣಿ ಥರ ಕೂಗುತ್ತಿದೆ. "ಅಣ್ಣ, ಇಲ್ಲಿ ಕೈ ಇಟ್ಟು ನೋಡಿ" ಎಂದ ನಮ್ಮ ಹುಡುಗ. ಮೇಲಂಚಿನಲ್ಲಿ ಗಾಳಿ ಹೊರಗೆ ಬರುವ ಜಾಲರಿ. ಕೈ ಇಟ್ಟವನು ತಕ್ಷಣ ತೆಗೆದೆ. ಎಚ್‌ಡಬ್ಲ್ಯುಇನ್ಫೋ ಅನ್ನೋ, ಒಳಗಿನ ಬಿಸಿ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿದರೆ 97, 99, 100, ಆಮೇಲೆ ಥಟ್ಟನೆ 91, ಮತ್ತೆ 98. ಈ ಪ್ರೊಸೆಸರಿನ ಮಿತಿಯೇ 100 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ತನ್ನನ್ನು ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹ್ಯಾಂಗ್ ಆಗಿದೆ ಅಂದುಕೊಂಡಿದ್ದೆ, ಅದು ಸುಸ್ತಾಗಿತ್ತು ಅಷ್ಟೇ.

ತಗೊಳ್ಳುವಾಗ ವೇಗ 4.4 ಗಿಗಾಹರ್ಟ್ಸ್ ಅಂತ ಓದಿ ಖುಷಿಪಟ್ಟಿದ್ದೆ. ಅದು ಸ್ವಲ್ಪ ಹೊತ್ತಿನ ಓಟ. ಒಳಗಿರೋದು ಲ್ಯಾಪ್‌ಟಾಪಿನ ಪ್ರೊಸೆಸರ್, 15 ವ್ಯಾಟ್ ಲೆಕ್ಕದ್ದು, ಓಡುವಾಗ 55ರವರೆಗೂ ಎಳೆಯಬಲ್ಲದು. ಅದನ್ನು ತಣ್ಣಗಿಡೋಕೆ ಅಂಗೈಯಗಲದ ಒಂದು ಫ್ಯಾನು, ಒಂದು ತಾಮ್ರದ ಕೊಳವೆ. ಸಾಲದ್ದಕ್ಕೆ ಪರದೆಯ ಬಿಸಿಯೂ ಅದೇ ಡಬ್ಬದೊಳಗೆ.

ಗಾಬರಿಯಲ್ಲಿ ಮೊದಲು ಲ್ಯಾಪ್‌ಟಾಪ್ ಕೂಲಿಂಗ್ ಪ್ಯಾಡ್ ತರಿಸಿದೆ. 900 ರೂಪಾಯಿ ದಂಡ. ನಿಂತಿರೋ ಮಷೀನಿಗೆ ಮಲಗೋ ಪ್ಯಾಡ್ ಏನು ಮಾಡೀತು? ಕೆಲಸ ಮಾಡಿದ್ದು ಪುಕ್ಕಟೆ ಉಪಾಯ. ಗೋಡೆಗೆ ಎರಡು ಬೆರಳು ಅಂತರದಲ್ಲಿ ಇಟ್ಟಿದ್ದೆ, ಒಂದು ಗೇಣು ಮುಂದಕ್ಕೆ ಎಳೆದೆ. ಕೆಳಗೆ ಗಾಳಿ ಒಳಗೆ ಹೋಗೋ ಕಿಂಡಿಗೆ ಅಡ್ಡವಾಗಿ ಫೋಟೋ ಕವರ್‌ಗಳ ಕಟ್ಟು ಇತ್ತು, ಅದನ್ನೂ ತೆಗೆದೆ. ಐದಾರು ಡಿಗ್ರಿ ಇಳಿಯಿತು. ಹಿಂದಿನಿಂದ ಓರೆಯಾಗಿ ಒಂದು ಟೇಬಲ್ ಫ್ಯಾನ್ ಬಿಟ್ಟರೆ ಇನ್ನೂ ಸ್ವಲ್ಪ.

ಆದರೆ ಅಸಲಿ ಕಳ್ಳ ಧೂಳು. ಸಂಡೂರು ಕಡೆಯ ಅದಿರು ಲಾರಿಗಳು ಓಡಾಡುವ ಊರು ನಮ್ಮದು. ಅಂಗಡಿಯ ಗಾಜನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಮತ್ತೆ ಕೆಂಪು. ಒಂದು ಸರ್ವಿಸ್ ಅಂಗಡಿಯವರು ಮುಚ್ಚಳ ಬಿಚ್ಚದೆ ಹೊರಗಿನಿಂದಲೇ ಬ್ಲೋವರ್ ಹೊಡೆದು 300 ರೂಪಾಯಿ ತಗೊಂಡರು. ಒಂದು ಡಿಗ್ರಿಯೂ ಇಳಿಯಲಿಲ್ಲ. ವಾರಂಟಿ ಮುಗಿದ ಮೇಲೆ ಹಳೇ ಎಟಿಎಂ ಕಾರ್ಡ್ ಸಂದಿಗೆ ತೂರಿಸಿ ಹಿಂದಿನ ಮುಚ್ಚಳ ನಾನೇ ಬಿಚ್ಚಿದೆ. ಫ್ಯಾನ್ ಬ್ಲೇಡ್‌ಗಳು ಪರವಾಗಿಲ್ಲ. ಆದರೆ ಫ್ಯಾನಿಗೂ ಅದರ ಮುಂದಿನ ತೆಳು ತಗಡುಗಳಿಗೂ ನಡುವೆ ಒಂದು ಪದರ ಕೂತಿತ್ತು. ಕಡ್ಡಿಯಿಂದ ಎತ್ತಿದರೆ ಒಂದೇ ತುಂಡಾಗಿ ಎದ್ದು ಬಂತು, ಕೆಂಪು ಬಣ್ಣ ಹಾಕಿದ ಕಂಬಳಿ ಚೂರಿನ ಹಾಗೆ. ಗಾಳಿ ಹೋಗೋದಾದರೂ ಎಲ್ಲಿಂದ? ಅದನ್ನು ತೆಗೆದದ್ದೇ ತಡ, ಅದೇ ಕೆಲಸಕ್ಕೆ 86, 87. ನೀವೂ ಮಾಡೋದಾದರೆ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ, ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳಿ. ಈಗ ಯುಗಾದಿಗೆ ಮುಂಚೆ ಒಂದು ಸಲ, ದಸರಾಗೆ ಒಂದು ಸಲ ಬಿಚ್ಚುತ್ತೇನೆ. ಆಯುಧ ಪೂಜೆಗೆ ಹೇಗೂ ಒರೆಸಲೇಬೇಕು ಅಲ್ವಾ. ಮೂರನೇ ವರ್ಷ ಪ್ರೊಸೆಸರಿನ ಬಿಸಿಯನ್ನು ತಾಮ್ರಕ್ಕೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿತ್ತು, ಬದಲಿಸಿದೆ, ಮೂರ್ನಾಲ್ಕು ಡಿಗ್ರಿ ಲಾಭ.

ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರನ್ನು 99 ಪರ್ಸೆಂಟ್‌ಗೆ ಇಳಿಸಿ ಅಂತ ಎಲ್ಲರೂ ಹೇಳುತ್ತಾರೆ. ಮಾಡಿದೆ. ಬಿಸಿ 60ರ ಆಸುಪಾಸಿಗೆ ಬಂತು, ಸದ್ದೇ ಇಲ್ಲ. ಆದರೆ 100ಕ್ಕಿಂತ ಕಮ್ಮಿ ಇಟ್ಟರೆ ಆ ಸ್ವಲ್ಪ ಹೊತ್ತಿನ ಓಟವೇ ಬಂದ್, ವೇಗವೂ 1.3 ಗಿಗಾಹರ್ಟ್ಸ್ ಹತ್ತಿರವೇ ನಿಂತುಬಿಟ್ಟಿತು. ಗಿರಾಕಿ ಎದುರಿಗೆ ಕೂತಾಗ ಇದು ಆಗೋ ಮಾತಲ್ಲ. ರಾತ್ರಿ ಎಕ್ಸ್‌ಪೋರ್ಟ್‌ಗೆ ಹಾಕಿ ಮನೆಗೆ ಹೋಗುವಾಗ ಮಾತ್ರ ಬಳಸುತ್ತೇನೆ. ಹಗಲಿಗೆ ಉಪಯೋಗ ಆದದ್ದು ನಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಹಾರ್ಡ್‌ವೇರ್ ಎನ್‌ಕೋಡಿಂಗ್. ಎನ್‌ಕೋಡಿಂಗ್ ಅಂದರೆ ವಿಡಿಯೋವನ್ನು ಒತ್ತಿ ಫೈಲ್ ಮಾಡೋದು. ಉಳಿಸಿಟ್ಟಿದ್ದ ಹಳೇ ಸೆಟ್ಟಿಂಗ್‌ನಲ್ಲಿ ಅದು ಸಾಫ್ಟ್‌ವೇರ್ ಅಂತಲೇ ಇತ್ತು, ನಾನು ನೋಡಿರಲೇ ಇಲ್ಲ. ಬದಲಿಸಿದ ಮೇಲೆ ಕೆಲಸದ ಒಂದು ಪಾಲು ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೆ ಹೋಯಿತು. ಬಿಸಿಯೂ ಕಮ್ಮಿ, ಸಮಯವೂ ಕಮ್ಮಿ.

ಬಿಲ್ಲಿಂಗ್, ಆಲ್ಬಂ ಡಿಸೈನ್, ಮಕ್ಕಳ ಓದು ಇಷ್ಟಕ್ಕಾದರೆ ಧೈರ್ಯವಾಗಿ ತಗೊಳ್ಳಿ. ಪರದೆ ಚೆನ್ನಾಗಿದೆ, ಒಂದೇ ವೈರು. ದಿನವಿಡೀ ವಿಡಿಯೋ ಮಾಡೋರಿಗೆ ನಾನು ಹೇಳಲ್ಲ. ಅದೇ ದುಡ್ಡಿಗೆ ದೊಡ್ಡ ಡಬ್ಬ, ದೊಡ್ಡ ಫ್ಯಾನಿನ ಸಿಸ್ಟಂ ಜೋಡಿಸಿಕೊಳ್ಳಿ. ಐದಕ್ಕೆ ಮೂರು ಸ್ಟಾರ್. ಮುಂದಿನ ಸೀಸನ್‌ಗೆ ಎಡಿಟಿಂಗ್‌ಗೆ ಬೇರೆ ಸಿಸ್ಟಂ ತಂದು ಇದನ್ನು ಕೌಂಟರಿಗೆ ಹಾಕುವ ಯೋಚನೆ ಇದೆ. ಟೇಬಲ್ ಮೇಲೆ ಜಾಗ ಎಲ್ಲಿಂದ ತರೋದು ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ.